ಔಲರ್‌ಗಿಲ್ ಹೆಸರಿನವರು

ಸ್ಟೆನ್‌ಡೇಲ್, ಯಾರ್ಕ್‌ಷೈರ್
9 ಮಾರ್ಚ್ 1936

ಮಾನ್ಯ ಶ್ರೀ ಎ. ಔಲರ್‌ಗಿಲ್ ಅವರಿಗೆ,

ನಮಗೆ ಒಬ್ಬರಿಗೊಬ್ಬರ ಪರಿಚಯವಿಲ್ಲ. ಕೋಳಿಗಳು ಮೊಟ್ಟೆಯಿಡಲಿ ಎಂದು ದಿನಸಿ ಅಂಗಡಿಯಿಂದ ಒಂದು ಖಾಲಿ ಸೇಬಿನ ಪೆಟ್ಟಿಗೆ ತಂದೆ. ಹುಲ್ಲು ಹಾಸಲು ಕೂತಾಗ ಪಕ್ಕಕ್ಕೆ ಅಂಟಿಸಿದ ಚೀಟಿ ಕಣ್ಣಿಗೆ ಬಿತ್ತು. ಮೇಲೊಂದು ಗೂಬೆಯ ಚಿತ್ರ, ಕೆಳಗೆ ‘ಎ. ಔಲರ್‌ಗಿಲ್, ಹ್ಯೂಆನ್ ಕಣಿವೆ, ಟಾಸ್ಮೇನಿಯಾ’. ಕೋಳಿಗಳಿಗೆ ಬೇರೆ ಪೆಟ್ಟಿಗೆ ಹುಡುಕಿದೆ. ಇದು ಈಗ ನನ್ನ ಮೇಜಿನ ಮೇಲಿದೆ.

ನನ್ನ ಹೆಸರು ಡೋರ್ಕಸ್ ಔಲರ್‌ಗಿಲ್. ಈ ಕಣಿವೆಯ ನರ್ಸ್. ಸೈಕಲ್ ಮೇಲೆ ಸುತ್ತಿ ಹೆರಿಗೆ ಮಾಡಿಸುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಸತ್ತವರ ಕಣ್ಣು ಮುಚ್ಚುವುದು ನನ್ನ ಕೆಲಸ. ಈ ಹೆಸರಿನವರು ಲೋಕದಲ್ಲಿ ಎಲ್ಲೆಲ್ಲಿದ್ದಾರೆಂದು ಕಳೆದ ವರ್ಷದಿಂದ ಹುಡುಕುತ್ತಿದ್ದೇನೆ. ಹೆಚ್ಚು ಜನ ಸಿಕ್ಕಿಲ್ಲ. ಬ್ರಾಡ್‌ಫರ್ಡಿನಲ್ಲಿ ಒಬ್ಬ ಮುದುಕರಿದ್ದರು, ನನ್ನ ಕಾಗದ ಮುಟ್ಟುವ ಮೊದಲೇ ತೀರಿಕೊಂಡರು. ಕೆನಡಾದಲ್ಲಿರುವ ಇನ್ನೊಬ್ಬರು ಗೋಧಿಯ ಬೆಲೆ ಕುಸಿದದ್ದರ ಬಗ್ಗೆ ಪುಟಗಟ್ಟಲೆ ಬರೆದರು, ಹೆಸರಿನ ಬಗ್ಗೆ ಒಂದು ಸಾಲೂ ಇಲ್ಲ. ಈ ಕಣಿವೆಯಲ್ಲಿ ಉಳಿದವಳು ನಾನೊಬ್ಬಳೇ.

ನನ್ನದು ಒಂದೇ ಪ್ರಶ್ನೆ. ನಿಮ್ಮ ಹಿರಿಯರಲ್ಲಿ ರೂಬೆನ್ ಎಂಬುವರು ಇದ್ದರೇ?

ಇತಿ,
ಡೋರ್ಕಸ್ ಔಲರ್‌ಗಿಲ್


ಹ್ಯೂಆನ್ ಕಣಿವೆ, ಟಾಸ್ಮೇನಿಯಾ
2 ಮೇ 1936

ಮಾನ್ಯ ಮಿಸ್ ಔಲರ್‌ಗಿಲ್ ಅವರಿಗೆ,

ರೂಬೆನ್ ಔಲರ್‌ಗಿಲ್ ನನ್ನ ತಾತ, ನನ್ನ ತಂದೆಯ ತಂದೆ. ಸ್ವಂತ ಹಣ, ಸ್ವಂತ ಕುರಿಮಂದೆಯೊಂದಿಗೆ ಈ ದ್ವೀಪಕ್ಕೆ ಬಂದು ನೆಲೆಸಿದ ಮೊದಲಿಗರಲ್ಲಿ ಅವರೂ ಒಬ್ಬರು. ನಮ್ಮದು ಹಳೆಯ ಮನೆತನ. ಗುರಾಣಿಯ ಮೇಲೆ ಔಲ್, ಅಂದರೆ ಗೂಬೆಯ ಗುರುತು ಹೊತ್ತು ಕಾದಾಡಿದ ಒಬ್ಬ ಯೋಧನಿಂದ ಈ ಹೆಸರು ಬಂದಿತೆಂದು ನಮ್ಮಲ್ಲಿ ಹೇಳುತ್ತಾರೆ. ಆದ್ದರಿಂದಲೇ ನನ್ನ ಸೇಬಿನ ಮೇಲೆ ಗೂಬೆಯ ಚಿತ್ರವಿದೆ.

ನಿಮ್ಮ ಪತ್ರ ಆಸ್ತಿಪಾಸ್ತಿಯ ಸಂಬಂಧವಾಗಿದ್ದರೆ ದಯವಿಟ್ಟು ಮೊದಲೇ ತಿಳಿಸಿ. ಇಂಥ ಕಾಗದಗಳು ದೂರದಿಂದ ಸುಮ್ಮನೆ ಬರುವುದಿಲ್ಲ ಎಂದು ತಿಳಿಯುವ ಮಟ್ಟಿಗೆ ನನಗೂ ಲೋಕಾನುಭವವಿದೆ.

ತಮ್ಮ ವಿಧೇಯ,
ಆಂಬ್ರೋಸ್ ಔಲರ್‌ಗಿಲ್


ಸ್ಟೆನ್‌ಡೇಲ್
15 ಜೂನ್ 1936

ಮಾನ್ಯರೇ,

ಆಸ್ತಿ ಇಲ್ಲ. ನಿಶ್ಚಿಂತೆಯಾಗಿರಿ. ಗೂಬೆಯೂ ಇಲ್ಲ, ಅದಕ್ಕೆ ಮಾತ್ರ ಕ್ಷಮಿಸಿ.

ನಮ್ಮ ಕಡೆಯ ಹಳೆಯ ಮಾತಿನಲ್ಲಿ ಔಲರ್ ಎಂದರೆ ಆಲ್ಡರ್ ಮರ. ನೀರಿನ ಅಂಚಿನಲ್ಲೇ ಬೆಳೆಯುವ ಈ ಮರದಿಂದ ಗಿರಣಿ ಕೆಲಸದವರ ಮೆಟ್ಟಿನ ಅಟ್ಟೆ ಮಾಡುತ್ತಾರೆ. ಗಿಲ್ ಎಂದರೆ ಬೆಟ್ಟದ ಕೊರಕಲಿನಲ್ಲಿ ಇಳಿಯುವ ಹಳ್ಳ. ಆಲ್ಡರ್ ಮರಗಳ ಹಳ್ಳದ ದಂಡೆಯಲ್ಲಿ ಒಂದು ತೋಟದಮನೆ, ಅದರ ಹೆಸರು ಔಲರ್‌ಗಿಲ್. ಅಲ್ಲಿದ್ದವರಿಗೆ ಊರಿನವರು ಅದೇ ಹೆಸರಿಟ್ಟು ಕರೆದರು. ನಮ್ಮ ಹಿರಿಯರು ಯಾವ ಯುದ್ಧಕ್ಕೂ ಹೋದವರಲ್ಲ. ಕುರಿ ಕಾಯುತ್ತ, ಅಕ್ಕಪಕ್ಕದವರೊಂದಿಗೆ ಗಡಿಗೋಡೆಯ ವಿಷಯಕ್ಕೆ ಜಗಳವಾಡುತ್ತ ಬದುಕಿದರು. ಹಿರಿಮಗನಿಗೆ ಜಮೀನು, ಉಳಿದವರಿಗೆ ದಾರಿ. ಕೆಲವರು ಉಣ್ಣೆಯ ಗಿರಣಿಗೆ ಹೋದರು, ಕೆಲವರು ಹಡಗು ಹತ್ತಿದರು. ಈ ಹೆಸರು ಹರಡಿದ್ದು ಹೀಗೆ.

ಈಗ ವಿಷಯಕ್ಕೆ ಬರುತ್ತೇನೆ. ದೂರದ ನಗರಕ್ಕೆ ಕುಡಿಯುವ ನೀರು ಬೇಕಂತೆ. ನಮ್ಮ ಕಣಿವೆಗೆ ಅಡ್ಡವಾಗಿ ಅಣೆಕಟ್ಟು ಏಳುತ್ತಿದೆ. ಮುಂದಿನ ವರ್ಷದ ಕೊನೆಗೆ ಮನೆ, ಇಗರ್ಜಿ, ಹೊಲ, ಔಲರ್‌ಗಿಲ್ ಎಲ್ಲ ನೀರಿನಡಿ ಹೋಗುತ್ತವೆ. ಸತ್ತವರನ್ನು ಗುಡ್ಡದ ಮೇಲಿನ ಹೊಸ ಸ್ಮಶಾನಕ್ಕೆ ಸಾಗಿಸುತ್ತಾರೆ. ಆದರೆ ನೀರಿನ ಸಮಿತಿಯ ಕಟ್ಟುನಿಟ್ಟು ಏನೆಂದರೆ, ಯಾರ ನೇರ ವಂಶಸ್ಥರು ಪ್ರಮಾಣ ಮಾಡಿ ಕೇಳುತ್ತಾರೋ ಅವರಿಗೆ ಮಾತ್ರ ಬೇರೆ ಸಮಾಧಿ, ಬೇರೆ ಕಲ್ಲು. ಉಳಿದವರೆಲ್ಲ ಒಂದೇ ಗುಂಡಿಗೆ. ಅಲ್ಲಿ ಹೆಸರಿರುವುದಿಲ್ಲ.

ನನ್ನ ತಂದೆತಾಯಿಗೆ, ಅಜ್ಜ ಮುತ್ತಜ್ಜರಿಗೆ ನಾನಿದ್ದೇನೆ. ಹಳೆಯ ಸ್ಮಶಾನದ ಗೋಡೆಯ ಪಕ್ಕದ ಸಮಾಧಿಯಲ್ಲಿ ಒಂಟಿಯಾಗಿ ಹೆಪ್ಸಿಬಾ ಔಲರ್‌ಗಿಲ್ ಎಂಬುವರಿದ್ದಾರೆ. ನನ್ನ ಮುತ್ತಜ್ಜನ ಅತ್ತಿಗೆ. ನಾನು ಅವರ ವಂಶದವಳಲ್ಲ. ಅವರ ಮಗ ರೂಬೆನ್ ಸಮುದ್ರ ದಾಟಿ ಹೋದನೆಂದಷ್ಟೇ ನಮ್ಮ ಮನೆಯಲ್ಲಿ ಕೇಳಿದ್ದೆ. ನೀವು ಆ ರೂಬೆನ್‌ನ ಮೊಮ್ಮಗ. ಹೆಪ್ಸಿಬಾಗೆ ಈ ಲೋಕದಲ್ಲಿ ದಿಕ್ಕೆಂದು ಇರುವವರು ನೀವೇ.

ಸಹಿ ಮಾಡುತ್ತೀರಾ?

ಡೋರ್ಕಸ್ ಔಲರ್‌ಗಿಲ್


ಹ್ಯೂಆನ್ ಕಣಿವೆ
4 ಆಗಸ್ಟ್ 1936

ಪ್ರಿಯ ಮಿಸ್ ಡೋರ್ಕಸ್,

ಗೂಬೆ ಹಾರಿಹೋದ ದಿನದಿಂದ ನನ್ನ ಹೆಂಡತಿ ವಿನಿಫ್ರೆಡ್ ನಗುವುದನ್ನು ನಿಲ್ಲಿಸಿಲ್ಲ. “ಯೋಧರ ವಂಶ ಅಂತ ಮೂವತ್ತು ವರ್ಷದಿಂದ ಕೊಚ್ಚಿಕೊಂಡ್ರಿ. ಈಗ ನೋಡಿದ್ರೆ ಚಪ್ಪಲಿ ಕಟ್ಟಿಗೆ!” ಎನ್ನುತ್ತಾಳೆ.

ಸಹಿ ಮಾಡುತ್ತೇನೆ. ಅದೆಂಥ ಪ್ರಶ್ನೆ! ಹೆತ್ತ ತಾಯಿಯನ್ನು ನನ್ನ ತಾತ ಮರೆತಿರಲಾರರು. ಹಡಗುಕಟ್ಟೆಯ ತನಕ ಆಕೆಯೇ ಬಂದು, ದಾರಿಖರ್ಚಿಗೆ ಚಿನ್ನದ ನಾಣ್ಯ ಕೊಟ್ಟು, ಹರಸಿ ಕಳಿಸಿದರೆಂದು ನಮ್ಮ ತಂದೆ ಹೇಳುತ್ತಿದ್ದರು. ಅಂಥ ಮಹಾತಾಯಿ ಗುಂಡಿ ಸೇರಬಾರದು. ಕಾಗದಪತ್ರ ಕಳಿಸಿ, ಇಲ್ಲಿನ ರಾಜಧಾನಿ ಹೋಬಾರ್ಟಿಗೆ ಹೋಗಿ ವಕೀಲರ ಮುಂದೆ ಪ್ರಮಾಣ ಮಾಡಿ ಬರುತ್ತೇನೆ.

ಆಕೆಯ ಬಗ್ಗೆ ನಿಮಗೆ ಗೊತ್ತಿರುವುದೆಲ್ಲ ಬರೆಯಿರಿ. ಒಂದು ಸಾಲೂ ಬಿಡಬೇಡಿ.

ನಿಮ್ಮವನೇ,
ಆಂಬ್ರೋಸ್


ಸ್ಟೆನ್‌ಡೇಲ್
21 ಸೆಪ್ಟೆಂಬರ್ 1936

ಪ್ರಿಯ ಶ್ರೀ ಔಲರ್‌ಗಿಲ್,

ನಿಮ್ಮ ಪತ್ರ ತಲುಪಿತು. ಸಹಿಗೆ ಅವಸರ ಮಾಡಬೇಡಿ, ಸದ್ಯ ಹೋಬಾರ್ಟಿಗೆ ಹೋಗುವುದೂ ಬೇಡ. ಇಲ್ಲಿ ಒಂದೆರಡು ವಿಷಯ ವಿಚಾರಿಸಬೇಕಾಗಿದೆ. ಮಳೆ ಜೋರಾಗಿದೆ. ಕಣಿವೆಯಲ್ಲಿ ಮಕ್ಕಳಿಗೆಲ್ಲ ನಾಯಿಕೆಮ್ಮು.

ಡೋರ್ಕಸ್ ಔಲರ್‌ಗಿಲ್


ಹ್ಯೂಆನ್ ಕಣಿವೆ
10 ನವೆಂಬರ್ 1936

ಮಿಸ್ ಔಲರ್‌ಗಿಲ್,

ನಾಯಿಕೆಮ್ಮಿನ ಸುದ್ದಿ ಓದಲು ನಾನು ಮೂರು ತಿಂಗಳು ಕಾಯಲಿಲ್ಲ.

ನಿಮಗೆ ಏನು ತಿಳಿದಿದೆಯೆಂದು ನನಗೆ ಅರ್ಥವಾಗಿದೆ. ಮರೆಮಾಚುವುದು ಬೇಡ, ನಾನೇ ಹೇಳಿಬಿಡುತ್ತೇನೆ. ರೂಬೆನ್ ಕುರಿಮಂದೆಯೊಂದಿಗೆ ಬರಲಿಲ್ಲ. ಗಡೀಪಾರಾದ ಕೈದಿಯಾಗಿ, ಕಾಲಿಗೆ ಸಂಕೋಲೆ ಹಾಕಿಸಿಕೊಂಡು ಬಂದರು. ಇಲ್ಲಿ ಅರ್ಧಕ್ಕರ್ಧ ಮನೆಗಳ ಕಥೆ ಇದೇ, ಯಾವ ಮನೆಯೂ ಬಾಯಿ ಬಿಡುವುದಿಲ್ಲ. ಏಳು ವರ್ಷ ಸರ್ಕಾರದ ಕಲ್ಲು ಒಡೆದರು. ಬಿಡುಗಡೆಯಾದ ಮೇಲೆ ಕಾಡು ಕಡಿದು ಸೇಬು ನೆಟ್ಟರು. ನಾನು ಚಿಕ್ಕವನಿದ್ದಾಗ ಅವರ ಹೆಗಲ ಮೇಲೆ ಕೂತು ಹಣ್ಣು ಕಿತ್ತಿದ್ದೇನೆ.

ಅಂಥವನ ಮೊಮ್ಮಗ ಸಹಿ ಮಾಡಿದರೆ ನಿಮ್ಮ ಸ್ಮಶಾನಕ್ಕೆ ಮೈಲಿಗೆಯಾಗುವುದಾದರೆ ನೇರವಾಗಿ ಹೇಳಿ. ನಮ್ಮನ್ನು ಹಡಗಿಗೆ ತುಂಬಿ ಕಳಿಸಿದ ನಾಡು ಇನ್ನೂ ಮೂಗು ಮುಚ್ಚಿಕೊಂಡೇ ಇದೆ ಅಂದುಕೊಳ್ಳುತ್ತೇನೆ.

ಆಂಬ್ರೋಸ್ ಔಲರ್‌ಗಿಲ್


ಸ್ಟೆನ್‌ಡೇಲ್
28 ಡಿಸೆಂಬರ್ 1936

ಆಂಬ್ರೋಸ್ ಅವರೇ,

ನೀವು ಬೈದದ್ದು ಒಳ್ಳೆಯದಾಯಿತು. ನನ್ನ ಬಾಯಿ ಬಿಚ್ಚಿಸಿದಿರಿ.

ರೂಬೆನ್ ಕೈದಿಯಾಗಿ ಹೋದರೆಂಬುದು ಸೆಪ್ಟೆಂಬರಿನಲ್ಲೇ ನನಗೆ ತಿಳಿಯಿತು. ನನ್ನ ಕೈ ಕಟ್ಟಿದ್ದು ಅದಲ್ಲ. ಇಲ್ಲಿ ಕೆಜಿಯಾ ಎಂಬ ಅಜ್ಜಿ ಇದ್ದಾಳೆ, ತೊಂಬತ್ತು ದಾಟಿದೆ. ಅವಳ ತಾಯಿ ಔಲರ್‌ಗಿಲ್ಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದವಳು. ಅಜ್ಜಿಯ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟುತ್ತ ನಿಮ್ಮ ಪತ್ರದ ಸುದ್ದಿ ಹೇಳಿದೆ. ಅವಳು ಹುಬ್ಬು ಗಂಟಿಕ್ಕಿದಳು.

“ಹೆತ್ತ ತಾಯಿನಾ? ಹೆಪ್ಸಿಬಾ ಎಲ್ಲಿ ಹೆತ್ಲು ನರ್ಸಮ್ಮ? ಮಕ್ಕಳಾಗ್ಲೇ ಇಲ್ಲ ಅವಳಿಗೆ.”

“ಮತ್ತೆ ರೂಬೆನ್?”

“ಅನಾಥಾಲಯದಿಂದ ತಂದ ಕೂಸು. ಆರು ವರ್ಷದ್ದು. ಕುರಿ ಕಾಯೋಕೆ ಅಂತ ಕಳಿಸ್ತಿದ್ರು ಆಗ. ಕೊಟ್ಟಿಗೇಲಿ ಮಲಗಿಸಿ ಅಂದ ಅವಳ ಮೈದುನ ಈನಕ್. ಇವಳು ಮೊದಲನೇ ರಾತ್ರೀನೇ ಎತ್ತಿಕೊಂಡ್ಬಂದು ಒಲೆ ಪಕ್ಕ ಮಲಗಿಸಿದ್ಲು. ಆಮೇಲೆ ಅಲ್ಲಿಂದ ಏಳಿಸೋಕೆ ಯಾರಿಗೂ ಬಿಡಲಿಲ್ಲ.”

ಆ ಹುಡುಗನಿಗೆ ಹದಿನೇಳಾದಾಗ ಈನಕ್‌ನ ಕುರಿಯೊಂದು ಕಾಣೆಯಾಯಿತು. ಚರ್ಮ ಹುಡುಗನ ಹಾಸಿಗೆಯ ಕೆಳಗೆ ಸಿಕ್ಕಿತು. “ಕದ್ದಿದ್ದ, ಅದ್ರಲ್ಲೇನೂ ಅನುಮಾನ ಇಲ್ಲ” ಎಂದಳು ಅಜ್ಜಿ. “ಕೆಟ್ಟ ಚಳಿಗಾಲ. ಹದಿನೇಳು ವರ್ಷದ ಹೊಟ್ಟೆ.” ಈನಕ್ ಅವನನ್ನು ಯಾರ್ಕಿನ ನ್ಯಾಯಾಲಯಕ್ಕೆ ಎಳೆಸಿದ. ಮುಂದಿನದನ್ನು ಅಜ್ಜಿಯ ಮಾತಿನಲ್ಲೇ ಕೇಳಿ.

“‘ಹೆಸರು?’ ಅಂದ್ರಂತೆ ನ್ಯಾಯಾಧೀಶರು. ‘ರೂಬೆನ್’ ಅಂದ. ‘ರೂಬೆನ್ ಏನು?’ ಏನಿಲ್ಲ. ಹುಡುಗ ಕಣ್ಣುಕಣ್ಣು ಬಿಟ್ಟ, ಜನ ನಕ್ಕರು. ಆಗ ಹೆಪ್ಸಿಬಾ ಎದ್ದು ನಿಂತ್ಲು. ‘ರೂಬೆನ್ ಔಲರ್‌ಗಿಲ್. ನನ್ನ ಮಗ. ಬರ್ಕೊಳ್ಳಿ.’ ಈನಕ್ ಸಾಕ್ಷಿ ಹೇಳೋಕೆ ಪಕ್ಕದಲ್ಲೇ ಕೂತಿದ್ದ. ‘ಕೂತ್ಕೊಳ್ಳಿ ಅತ್ತಿಗೆ, ಕಳ್ಳನಿಗೆ ನಮ್ಮ ಹೆಸರು ಕೊಡ್ತೀರಾ?’ ಅಂತ ತೋಳು ಜಗ್ಗಿದ. ಕೂರಲಿಲ್ಲ ಅವಳು. ತೀರ್ಪು ಓದಿ ಮುಗಿಸೋ ತನಕ ನಿಂತೇ ಇದ್ಲು.”

ಆ ಈನಕ್ ನನ್ನ ಮುತ್ತಜ್ಜ. ಹೆಪ್ಸಿಬಾ ಸತ್ತಾಗ ಆಕೆಯನ್ನು ಗೋಡೆಯ ಪಕ್ಕಕ್ಕೆ ತಳ್ಳಿದವನೂ ಅವನೇ. ಕಲ್ಲು ನೆಟ್ಟಿದ್ದು ಮನೆಯವರಲ್ಲ, ಆಳುಗಳು.

ನೀವು ಆಕೆಯ ರಕ್ತದವರಲ್ಲ ಆಂಬ್ರೋಸ್. ನೇರ ವಂಶಸ್ಥನೆಂದು ಪ್ರಮಾಣ ಮಾಡಿದರೆ ಅದು ಸುಳ್ಳು ಪ್ರಮಾಣ. ನಾನು ಸುಮ್ಮನಿದ್ದು ಸಹಿ ತರಿಸಿಕೊಳ್ಳಬಹುದಿತ್ತು. ಎಷ್ಟೋ ದಿನ ಹಾಗೆ ಮಾಡೋಣವೆಂದೇ ಇದ್ದೆ. ಆದರೆ ನಮ್ಮ ಮನೆಯವರು ನಿಮ್ಮ ತಾತನಿಗೆ ಒಮ್ಮೆ ಮಾಡಿದ್ದು ಸಾಕು, ನಿಮ್ಮನ್ನೂ ಕಟಕಟೆಯಲ್ಲಿ ನಿಲ್ಲಿಸಲಾರೆ.

ಇಷ್ಟು ಮಾತ್ರ ನೆನಪಿಡಿ. ನಾನು ಈ ಕಣಿವೆಯ ಹೆರಿಗೆಗಳನ್ನೆಲ್ಲ ಮಾಡಿಸಿದವಳು. ಯಾವ ಮಗು ಯಾರ ಹೆಸರು ಹೊತ್ತಿದೆ, ಯಾರ ಮೂಗು ಹೊತ್ತಿದೆ ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಉಳಿದವರಿಗೆಲ್ಲ ಈ ಹೆಸರು ಸುಮ್ಮನೆ ಬಂತು. ಬೇಕೆಂದು ಕೊಟ್ಟದ್ದು ನಿಮ್ಮ ತಾತನಿಗೊಬ್ಬನಿಗೇ.

ಹೆಪ್ಸಿಬಾಳನ್ನು ನಾನು ಬಿಡುವುದಿಲ್ಲ. ಬೇರೆ ದಾರಿ ಹುಡುಕುತ್ತೇನೆ.

ಡೋರ್ಕಸ್


ಹ್ಯೂಆನ್ ಕಣಿವೆ
30 ಏಪ್ರಿಲ್ 1937

ಪ್ರಿಯ ಡೋರ್ಕಸ್,

ಕೊಯ್ಲಿನ ಕೆಲಸವಿತ್ತು ಎಂದು ನೆಪ ಹೇಳಬಹುದು. ನಿಜವೇನೆಂದರೆ ನಿಮ್ಮ ಪತ್ರವನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಕೊಯ್ಲು ಮುಗಿಯುವ ತನಕ ತೋಟದಲ್ಲಿ ತಿರುಗಿದೆ, ಯಾರಿಗೂ ತೋರಿಸಲಿಲ್ಲ. ನಾನು ಏನೂ ಅಲ್ಲ ಅನ್ನಿಸಿತು. ಗೂಬೆ ಹೋದಾಗ ನಕ್ಕಿದ್ದೆ. ಇದಕ್ಕೆ ನಗು ಬರಲಿಲ್ಲ.

ಕೊನೆಗೆ ವಿನಿಫ್ರೆಡ್‌ಗೆ ಓದಿ ಹೇಳಿದೆ. ಅವಳು ಕೇಳಿ ಮುಗಿಸಿ, “ಅದಕ್ಕೇ ಹೆಪ್ಸಿ” ಅಂದಳು. ನಮ್ಮ ಮನೆಯಲ್ಲಿ ಪ್ರತಿ ತಲೆಮಾರಿನ ಹಿರಿಮಗಳಿಗೂ ಹೆಪ್ಸಿಬಾ ಎಂದೇ ಹೆಸರು. ರೂಬೆನ್ ತಾತ ತಮ್ಮ ಮಗಳಿಗೆ ಇಟ್ಟರು, ನನ್ನ ತಂದೆ ನನ್ನ ಅಕ್ಕನಿಗೆ ಇಟ್ಟರು, ನಾನು ನನ್ನ ಮಗಳಿಗೆ. ಯಾಕೆಂದು ಯಾರೂ ಕೇಳಿರಲಿಲ್ಲ. ನನ್ನ ಮಗಳಂತೂ “ಇಂಥ ಅಜ್ಜಿ ಹೆಸರು ಯಾಕಪ್ಪ ಇಟ್ಟೆ?” ಎಂದು ಶಾಲೆಗೆ ಹೋಗುವಾಗೆಲ್ಲ ಅಳುತ್ತಿದ್ದಳು. ಅವಳಿಗೂ ಓದಿ ಹೇಳಿದೆ. ಈಗ ಅವಳಿಗೆ ಮದುವೆಯಾಗಿದೆ. “ಅಪ್ಪಾ, ನೀನು ಹೋಗಿ ಸಹಿ ಮಾಡದಿದ್ರೆ ನಾನೇ ಹೋಗ್ತೀನಿ” ಅಂದಳು.

ಹೋಬಾರ್ಟಿಗೆ ಹೋದೆ. ವಕೀಲರು ನಕ್ಕರು.

“ನೇರ ವಂಶಸ್ಥ ಅಂತ ಬರೆದು ಸಹಿ ಹಾಕಿ ಸ್ವಾಮಿ. ಇಂಗ್ಲೆಂಡಿಂದ ಯಾರು ಬಂದು ನೋಡ್ತಾರೆ?”

“ಆ ಯಮ್ಮ ತುಂಬಿದ ಕೋರ್ಟಲ್ಲಿ ಎದ್ದು ನಿಂತು ಹೇಳಿದ್ದನ್ನ ನಾನು ಬಾಗಿಲು ಹಾಕ್ಕೊಂಡು ಸುಳ್ಳು ಮಾಡ್ಲಾ?” ಅಂದೆ.

ಆದ್ದರಿಂದ ಈ ಪತ್ರದೊಂದಿಗೆ ಇರುವ ಪ್ರಮಾಣದಲ್ಲಿ ನಿಜವನ್ನೇ ಬರೆದಿದ್ದೇನೆ: ‘ಹೆಪ್ಸಿಬಾ ಔಲರ್‌ಗಿಲ್ ಯಾರನ್ನು ತನ್ನ ಮಗನೆಂದು ನ್ಯಾಯಾಲಯದಲ್ಲಿ ಸಾರಿದಳೋ, ಆ ಕೈದಿ ರೂಬೆನ್‌ನ ಮೊಮ್ಮಗ ನಾನು.’ ಕೈದಿ ಎಂಬ ಶಬ್ದ ನಾನೇ ಸೇರಿಸಿದ್ದು. ಇಲ್ಲಿನ ಔಲರ್‌ಗಿಲ್‌ಗಳನ್ನೆಲ್ಲ ಮನೆಗೆ ಕರೆಸಿ ಕಥೆ ಹೇಳಿದೆ. ಹೆಚ್ಚಿನವರು ಕೆಳಗೆ ಸಹಿ ಹಾಕಿದ್ದಾರೆ. ನನ್ನ ತಮ್ಮ ಮಾತ್ರ ಟೋಪಿ ಎತ್ತಿಕೊಂಡು ಎದ್ದುಹೋದ. ಮಕ್ಕಳ ಮದುವೆಯ ವಯಸ್ಸಿನಲ್ಲಿ ಮನೆತನದ ಮಾನ ಹರಾಜು ಹಾಕಿದೆ ಎಂದು ನನ್ನೊಂದಿಗೆ ಮಾತು ಬಿಟ್ಟಿದ್ದಾನೆ. ಬಿಡಲಿ.

ಸಮಿತಿಯವರು ಒಪ್ಪದಿರಬಹುದು. ಆದರೆ ಓದಲಿ.

ಆಂಬ್ರೋಸ್


ಸ್ಟೆನ್‌ಡೇಲ್
4 ಜುಲೈ 1937

ಪ್ರಿಯ ಆಂಬ್ರೋಸ್,

ಓದಿದರು. ನಾನೇ ಎದ್ದು ನಿಂತು ಗಟ್ಟಿಯಾಗಿ ಓದಿಸಿದೆ. ಶಾಲೆಯ ಕೋಣೆಯಲ್ಲಿ ಸಭೆ, ಕಣಿವೆಯಲ್ಲಿ ಇನ್ನೂ ಉಳಿದಿರುವವರೆಲ್ಲ ಬಂದಿದ್ದರು. ಸಮಿತಿಯ ಅಧ್ಯಕ್ಷರು ಕೆಟ್ಟವರೇನಲ್ಲ. ಕನ್ನಡಕ ತೆಗೆದು ಒರೆಸಿದರು.

“ಮಿಸ್ ಔಲರ್‌ಗಿಲ್, ವಂಶಸ್ಥ ಅಲ್ಲ ಅಂತ ಈ ಮನುಷ್ಯ ತಾನೇ ಬರ್ಕೊಟ್ಟಿದ್ದಾನಲ್ಲ!”

“ಹೌದು. ಸುಳ್ಳು ಬರೆದಿದ್ರೆ ಕಣ್ಮುಚ್ಚಿ ಒಪ್ಕೋತಿದ್ರಿ.”

“ಕಾನೂನು ನಾನು ಮಾಡಿದ್ದಲ್ಲಮ್ಮ.”

“ಗೊತ್ತು. ಅದನ್ನೇ ಕೇಳ್ತೀನಿ. ಇಲ್ಲಿ ಮನೆ ಕಳ್ಕೊಂಡ ಪ್ರತಿಯೊಬ್ಬರಿಗೂ ಹೊಸ ಸ್ಮಶಾನದಲ್ಲಿ ಒಂದು ಜಾಗ ಅಂತ ಇದೆ. ನನಗೂ ಇದೆ, ಅಲ್ವಾ?”

“ಇದೆ. ನಿಮ್ಮ ತಂದೆತಾಯಿ ಪಕ್ಕದಲ್ಲೇ.”

“ಅದನ್ನ ಬೇರೆಯವರಿಗೆ ಬಿಟ್ಟುಕೊಡಬಹುದಾ?”

ಗುಮಾಸ್ತ ಪುಟ ಮಗುಚಿದ, ಮತ್ತೆ ಮಗುಚಿದ. ಕೊಡಬಾರದೆಂದು ಎಲ್ಲೂ ಇಲ್ಲವೆಂದ.

“ಹಾಗಾದ್ರೆ ಹೆಪ್ಸಿಬಾಗೆ ಕೊಟ್ಟೆ. ಬರ್ಕೊಳ್ಳಿ.”

“ಆಮೇಲೆ ನೀವೆಲ್ಲಿ ಹೋಗ್ತೀರಿ?” ಎಂದರು ಅಧ್ಯಕ್ಷರು. ನಿಜವಾಗಿಯೂ ಕಳವಳದಿಂದಲೇ ಕೇಳಿದರು.

“ಸದ್ಯಕ್ಕೆ ಕೆಜಿಯಾ ಅಜ್ಜಿ ಕಾಲಿಗೆ ಪಟ್ಟಿ ಕಟ್ಟೋಕೆ.”

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು, ಅಧ್ಯಕ್ಷರೂ.

ಮೊನ್ನೆ ಗುರುವಾರ ಬೆಳಗ್ಗೆ ಹೆಪ್ಸಿಬಾಳನ್ನು ಮೇಲಕ್ಕೆ ತಂದರು. ಕೆಜಿಯಾ ಅಜ್ಜಿ ಹಠ ಹಿಡಿದು ಹಾಲಿನ ಗಾಡಿಯಲ್ಲಿ ಬಂದಿದ್ದಳು. ಪೆಟ್ಟಿಗೆ ಇಳಿಸುವಾಗ ಗಾಡಿಯಲ್ಲಿ ಕೂತೇ ಕೂಗಿ ಹೇಳಿದಳು: “ನಿಂತಿದ್ದು ಸಾಕು ತಾಯಿ. ಮಲಕ್ಕೋ.” ಹೊಸ ಸಾಲಿನಲ್ಲಿ ಈನಕ್ ಆಕೆಯ ಕೈಯಳತೆಯಲ್ಲೇ ಇದ್ದಾನೆ. ಇನ್ನು ಅವರಿಬ್ಬರ ಜಗಳ ಅವರೇ ಮುಗಿಸಿಕೊಳ್ಳಲಿ. ಕಲ್ಲಿನ ಮೇಲೆ ಆಕೆಯ ಹೆಸರಿನ ಕೆಳಗೆ ಒಂದು ಸಾಲು ಕೆತ್ತಿಸಿದ್ದೇನೆ: ರೂಬೆನ್‌ನ ತಾಯಿ.

ನಾನು ಅಳುವವಳಲ್ಲ. ಅಂದು ಅತ್ತುಬಿಟ್ಟೆ.

ಡೋರ್ಕಸ್


ಹ್ಯೂಆನ್ ಕಣಿವೆ
20 ಆಗಸ್ಟ್ 1937

ಡೋರ್ಕಸ್,

ವಿಮಾನದ ಟಪಾಲಿನಲ್ಲಿ ಕಳಿಸುತ್ತಿದ್ದೇನೆ, ಹಡಗಿಗೆ ಕಾಯುವ ತಾಳ್ಮೆ ಇಲ್ಲ. ಇನ್ನು ‘ನೀವು’ ಎನ್ನಲಾರೆ, ನೀನೂ ಅನ್ನಬೇಡ.

ನಿನ್ನ ಪತ್ರ ಓದಿದವನೇ ಅಡುಗೆಮನೆಯ ಬಾಗಿಲಿಗೆ ಹೋದೆ. ವಿನಿಫ್ರೆಡ್‌ಗೆ ಹೇಳಿದೆ: “ನಮ್ಮ ಮುತ್ತಜ್ಜಿಗೆ ತನ್ನ ಜಾಗ ಬಿಟ್ಟುಕೊಟ್ಟಿದ್ದಾಳೆ. ನಮ್ಮ ಇಗರ್ಜಿಯ ಹಿಂದೆ, ರೂಬೆನ್ ತಾತನ ಪಕ್ಕ ಜಾಗ ಇದೆ. ಅದು ಅವಳಿಗೆ ಅಂತ ಬರೆದುಬಿಡ್ತೀನಿ.”

ಅವಳು ಸೌಟು ಹಿಡಿದುಕೊಂಡೇ ಹೊರಗೆ ಬಂದಳು. “ಬದುಕಿರೋ ಹೆಂಗಸಿಗೆ ಯಾರಾದ್ರೂ ಸಮಾಧಿ ತೋರಿಸ್ತಾರೇನ್ರೀ? ಮೊದಲು ಕೋಣೆ ತೋರಿಸಿ!”

ತೋರಿಸುತ್ತಿದ್ದೇನೆ. ಪೂರ್ವದ ಕೋಣೆ, ಕಿಟಕಿಯಿಂದ ನದಿ ಕಾಣುತ್ತದೆ. ನಿನ್ನ ಮನೆ ಮುಳುಗುತ್ತದೆ. ಕಣಿವೆಯೇ ಖಾಲಿಯಾದ ಮೇಲೆ ನರ್ಸ್ ಕೆಲಸವೂ ಇರುವುದಿಲ್ಲ ಎಂದು ನೀನು ಬರೆಯದಿದ್ದರೂ ನನಗೆ ತಿಳಿಯುತ್ತದೆ. ನಮ್ಮ ಕಣಿವೆಯ ನರ್ಸ್ ಮದುವೆಯಾಗಿ ಸಿಡ್ನಿಗೆ ಹೋದಳು, ಬದಲಿಗೆ ಯಾರೂ ಬಂದಿಲ್ಲ. ಹೆರಿಗೆಯೆಂದರೆ ದೋಣಿ ಹತ್ತಿ ನದಿ ದಾಟಬೇಕು. ನನ್ನ ಮಗಳು ಹೆಪ್ಸಿಗೆ ಮಾರ್ಚಿನಲ್ಲಿ ತಿಂಗಳು ತುಂಬುತ್ತದೆ.

ಬಂದುಬಿಡು. ಬರುವುದಾದರೆ ಹೋಬಾರ್ಟಿನ ಬಂದರಿಗೆ ನಾನೇ ಬರುತ್ತೇನೆ. ನಿನ್ನ ಒಂದು ಫೋಟೋ ಕಳಿಸು, ಗುರುತು ಹಿಡಿಯಬೇಕಲ್ಲ.

ಆಂಬ್ರೋಸ್


ಸ್ಟೆನ್‌ಡೇಲ್
3 ನವೆಂಬರ್ 1937

ಆಂಬ್ರೋಸ್,

ನಿನ್ನ ಪತ್ರ ಬಂದಾಗ ಬರುವುದಿಲ್ಲ ಎಂದು ಬರೆದು, ಲಕೋಟೆ ಅಂಟಿಸಿ, ಮೇಜಿನ ಮೇಲಿಟ್ಟಿದ್ದೆ. ನನ್ನ ವಯಸ್ಸಿನವಳು ಊರು ಬಿಟ್ಟು, ಮುಖ ಕಾಣದವರ ಮನೆಗೆ ಹೋಗುವುದೆಂದರೇನು? ತಿಂಗಳಿಡೀ ಅದು ಅಲ್ಲೇ ಕೂತಿತ್ತು.

ಕೆಜಿಯಾ ಅಜ್ಜಿ ಅಕ್ಟೋಬರಿನ ಮೊದಲ ವಾರ ತೀರಿಕೊಂಡಳು. ಗುಡ್ಡದ ಮೇಲೆ ಅವಳನ್ನು ಮಣ್ಣು ಮಾಡಿ ಕೆಳಗಿಳಿದರೆ ನೋಡಲು ನನಗೊಬ್ಬ ರೋಗಿಯೂ ಉಳಿದಿರಲಿಲ್ಲ. ಹಳ್ಳದ ದಂಡೆಯ ಮರಗಳನ್ನೆಲ್ಲ ಕಡಿದುಹಾಕಿದ್ದಾರೆ. ಔಲರ್‌ಗಿಲ್ಲಿನ ಸೂರು ಬಿಚ್ಚಿದ್ದಾರೆ. ಅಂಗಳದವರೆಗೂ ಹೋಗಿ ನೋಡಿದೆ. ಆಮೇಲೆ ಮನೆಗೆ ಬಂದು ಆ ಲಕೋಟೆಯನ್ನು ಒಲೆಗೆ ಹಾಕಿದೆ.

ಬರುತ್ತೇನೆ. ಆದರೆ ಕೆಲವು ಮಾತು ಮೊದಲೇ ಆಗಲಿ. ಆಶ್ರಯಕ್ಕೆ ಬರುತ್ತಿಲ್ಲ, ಕೆಲಸಕ್ಕೆ ಬರುತ್ತಿದ್ದೇನೆ. ನಿಮ್ಮಲ್ಲಿನ ವೈದ್ಯಾಧಿಕಾರಿಗೆ ನಾನೇ ವಿಮಾನದ ಟಪಾಲಿನಲ್ಲಿ ಬರೆದಿದ್ದೇನೆ, ಉತ್ತರವೂ ಬಂದಿದೆ. ನಿನ್ನ ಪೂರ್ವದ ಕೋಣೆಯಲ್ಲಿ ಹೆಪ್ಸಿಯ ಹೆರಿಗೆಯ ತನಕ ಇರುತ್ತೇನೆ, ಆಮೇಲೆ ನನ್ನದೇ ಮನೆ ನೋಡಿಕೊಳ್ಳುತ್ತೇನೆ. ಗಟ್ಟಿಯಾದ ಒಂದು ಸೈಕಲ್ ಹುಡುಕಿಡು. ಹೆಪ್ಸಿಗೆ ದಿನಾ ನಡೆಯಲು ಹೇಳು. ಕಾಲು ಊದಿಕೊಂಡರೆ ಕೂಡಲೇ ವೈದ್ಯರಿಗೆ ತೋರಿಸಲಿ, ನಾನು ಬರುವ ತನಕ ಕಾಯುವುದು ಬೇಡ. ನಿನ್ನ ತಮ್ಮ ಮಾತು ಬಿಟ್ಟಿದ್ದಾನಲ್ಲ, ಅವನ ಮನೆಯಲ್ಲೂ ಯಾರಾದರೂ ಒಂದಲ್ಲ ಒಂದು ದಿನ ಜ್ವರ ಬಂದು ಮಲಗುತ್ತಾರೆ. ಅವನನ್ನು ನನಗೆ ಬಿಡು.

ಜನವರಿಯ ಹಡಗಿಗೆ ಟಿಕೆಟ್ ತೆಗೆದಿದ್ದೇನೆ.

ಫೋಟೋ ಕಳಿಸುವುದಿಲ್ಲ. ಇರುವುದೊಂದೇ, ಅದರಲ್ಲಿ ಕಣ್ಣು ಮುಚ್ಚಿಕೊಂಡಿದ್ದೇನೆ. ಬಂದರಿನಲ್ಲಿ ನನ್ನ ಮೂಗು, ಗಲ್ಲ ನೋಡಿ ಗುರುತು ಹಿಡಿಯುತ್ತೇನೆಂದೂ ಕೂರಬೇಡ. ನಮ್ಮಿಬ್ಬರಿಗೂ ಹೋಲಿಕೆಯಿರಲು ಕಾರಣವೇ ಇಲ್ಲ. ಜನ ಇಳಿಯಲು ಶುರುವಾದ ಕೂಡಲೇ ಗಂಟಲು ಬಿಚ್ಚಿ ‘ಔಲರ್‌ಗಿಲ್’ ಎಂದು ನಿನ್ನದೇ ಹೆಸರು ಕೂಗು. ತಿರುಗಿ ನೋಡುವವಳು ನಾನು.

ಡೋರ್ಕಸ್